ಮದುವೆ ಫೋಟೋಗ್ರಾಫರ್ ಬೇಸ್‌ಬಾಲ್ ಆಟಕ್ಕೆ ಹೋದದ್ದು

"ಗುರುಗಳೇ, ಓಡುವವರ ಚಿತ್ರ ಶಾರ್ಪ್ ಆಗಿ ಬರಬೇಕಾದರೆ ಏನು ಮಾಡಬೇಕು?"

ಕೇಳಿದವನು ಹಾಲಸ್ವಾಮಿ. ಕ್ಯಾಮೆರಾ ಕಲಿಯಲೆಂದು ಹಳ್ಳಿಯಿಂದ ಬಂದು ಗುರುಗಳ ಸ್ಟುಡಿಯೋದಲ್ಲಿ ಉಳಿದಿದ್ದ ಹುಡುಗ. ಹಿಂದಿನ ದಿನ ಕಾಲೇಜುಗಳ ಬೇಸ್‌ಬಾಲ್ ಪಂದ್ಯಕ್ಕೆ ಹೋಗಿ, ದಿನವಿಡೀ ಬಿಸಿಲಿನಲ್ಲಿ ನಿಂತು, ಕ್ಯಾಮೆರಾದ ತುಂಬ ಮಸುಕು ಚಿತ್ರಗಳನ್ನು ಹೊತ್ತು ಬಂದಿದ್ದ. ಸೋತು ಬಂದಿದ್ದರೂ ಸೋತ ಮುಖ ಮಾಡಿರಲಿಲ್ಲ.

"ನನ್ನ ಕಡೆಯಿಂದ ತಪ್ಪಿಲ್ಲ ಗುರುಗಳೇ. ಶಟರ್ ವೇಗ ಎಷ್ಟು ಇಡಬೇಕೋ ಅಷ್ಟು ಇಟ್ಟೆ. ಕೈ ಅಲುಗಲಿಲ್ಲ. ಹೋರಿ ಹಿಡಿದು ನಿಲ್ಲಿಸಿದ ಕೈ ಇದು, ಎಲ್ಲಿ ಅಲುಗುತ್ತೆ? ಆ ಆಟಗಾರರೇ ಸರಿ ಇಲ್ಲ. ಒಂದು ಕಡೆ ನಿಲ್ಲೋದೇ ಇಲ್ಲ."

ಗುರುಗಳು ಒರೆಸುತ್ತಿದ್ದ ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟರು.

"ಕೂತ್ಕೋ" ಎಂದರು.

ಹಾಲಸ್ವಾಮಿ ಕೂತ. ಗುರುಗಳು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಮದುವೆ ಫೋಟೋಗ್ರಾಫರ್. ಸುತ್ತಲಿನ ಊರುಗಳಲ್ಲಿ ಅವನನ್ನು ಮೀರಿಸುವವನು ಇರಲಿಲ್ಲ. ಇದ್ದಿದ್ದರೆ ಇವನೇ ಹುಡುಕಿಕೊಂಡು ಹೋಗಿ, ನಾಲ್ಕು ಜನರ ಮುಂದೆ ಅವನನ್ನು ಸೋಲಿಸಿ, ಅವನ ಮನೆಯಲ್ಲೇ ಊಟ ಮಾಡಿ ಬರುತ್ತಿದ್ದ. ಅಂಥ ಜೋರು.

ಅವನ ಜೋರೆಲ್ಲ ಗಂಟಲಿನಲ್ಲಿತ್ತು. "ಹಂಗೇ ನಿಲ್ರಿ!" ಅಂದರೆ ಸಾಕು, ಇಡೀ ಮಂಟಪ ಕಲ್ಲಾಗುತ್ತಿತ್ತು. ಹಾರ ಎತ್ತಿದ ವರನ ಕೈ ಎತ್ತಿದಲ್ಲೇ. ಅಕ್ಷತೆ ಹಾಕಲು ಹೊರಟ ಅಜ್ಜಿಯ ಮುಷ್ಟಿ ಮುಚ್ಚಿದಲ್ಲೇ. ಹೆಣ್ಣಿನ ತಾಯಿ ಅಳುವುದನ್ನು ನಿಲ್ಲಿಸಿ, ಇವನು ಕೈ ಬೀಸಿದ ಮೇಲೆ ಮತ್ತೆ ಅಳುತ್ತಿದ್ದಳು. ಚಿತ್ರ ಸರಿ ಬರಲಿಲ್ಲವೋ, ಅವನ ಹತ್ತಿರ ಇನ್ನೊಂದು ಮಾತಿತ್ತು. "ಇನ್ನೊಂದ್ಸಲ!" ಎರೆದ ಧಾರೆಯನ್ನು ಮತ್ತೆ ಎರೆಯುತ್ತಿದ್ದರು. ತಾಳಿ ಕಟ್ಟಿ ನೆಟ್ಟಗಾದ ವರ ಮತ್ತೆ ಬಗ್ಗುತ್ತಿದ್ದ.

ಒಮ್ಮೆ ಪುರೋಹಿತರು ರೇಗಿದರು. "ಏನಪಾ, ಮುಹೂರ್ತ ಮೀರ್ತಾ ಇದೆ. ನಿನ್ನ ಕ್ಯಾಮೆರಾಗೋಸ್ಕರ ಗ್ರಹಗಳು ಕಾಯ್ಕೊಂಡು ಕೂತಿರ್ತಾವಾ?"

"ಸ್ವಾಮಿ, ಗ್ರಹ ನಿಮ್ಮ ಪಂಚಾಂಗದಲ್ಲಿ ಇರ್ತಾವೆ. ಮದುವೆ ಇರೋದು ನನ್ನ ಆಲ್ಬಮ್ಮಿನಲ್ಲಿ. ನಾಳೆ ಈ ಜನ ಯಾವುದನ್ನ ತೆಗೆದು ನೋಡ್ತಾರೆ, ನೀವೇ ಹೇಳಿ."

ಮಂಟಪ ನಕ್ಕಿತು. ಪುರೋಹಿತರೂ ನಕ್ಕರು. ಇನ್ನೇನು ಮಾಡಿಯಾರು? ಅವರ ಮಗಳ ಮದುವೆಗೂ ಇವನೇ ಬರಬೇಕಿತ್ತು.

ಇಂಥವನಿಗೆ ಒಬ್ಬಳು ತಂಗಿ, ಕೊಟ್ರಮ್ಮ. ತಂದೆ ಬೇಗ ಹೋದ ಮೇಲೆ ಅವಳನ್ನು ಕೈ ಹಿಡಿದು ನಡೆಸಿದವನು ಅಣ್ಣನೇ. ಶಾಲೆಗೆ ಹೋಗುವಾಗ ದೊಡ್ಡ ರಸ್ತೆಯ ಅಂಚಿನಲ್ಲಿ ಅವನು "ನಿಲ್ಲು" ಎಂದರೆ ನಿಲ್ಲುತ್ತಿದ್ದಳು, "ಬಾ" ಎಂದರೆ ದಾಟುತ್ತಿದ್ದಳು. ಹಾಗೇ ಬೆಳೆದಳು. ಬೆಳೆದು, ಕಾಲೇಜಿಗೆ ಹೋಗಿ, ಅಲ್ಲಿನ ಪಿ.ಟಿ. ಮಾಸ್ತರರ ಕಣ್ಣಿಗೆ ಬಿದ್ದಳು. ಮಾಸ್ತರರು ಅವಳ ಕಾಲಿನ ವೇಗ ನೋಡಿ ಬೇಸ್‌ಬಾಲ್ ತಂಡಕ್ಕೆ ಸೇರಿಸಿಕೊಂಡರು.

ಬೇಸ್‌ಬಾಲ್ ಎಂದರೆ ಇಷ್ಟು. ಮೈದಾನದಲ್ಲಿ ನಾಲ್ಕು ಮೂಲೆಗೆ ನಾಲ್ಕು ಬೇಸು. ಒಂದರ ಬಳಿ ನಿಂತು ದೊಣ್ಣೆಯಿಂದ ಚೆಂಡನ್ನು ಹೊಡೆಯಬೇಕು. ಆಮೇಲೆ ಬೇಸುಗಳನ್ನು ಒಂದೊಂದಾಗಿ ಮುಟ್ಟುತ್ತ ಸುತ್ತು ಬಂದು, ಹೊರಟ ಜಾಗಕ್ಕೇ ಸೇರಬೇಕು. ಆ ಜಾಗಕ್ಕೆ ಹೋಮ್ ಎನ್ನುತ್ತಾರೆ. ದಾರಿಯಲ್ಲಿರುವಾಗ ಎದುರಾಳಿ ಚೆಂಡು ಹಿಡಿದು ಮೈಗೆ ಮುಟ್ಟಿಸಿದರೆ ಔಟ್. ಬೇಸಿನ ಮೇಲೆ ನಿಂತವಳನ್ನು ಔಟ್ ಮಾಡುವಂತಿಲ್ಲ. ಓಡುವವಳಿಗೆ ಚೆಂಡು ಎಲ್ಲಿದೆಯೆಂದು ತಿರುಗಿ ನೋಡುವ ಪುರುಸೊತ್ತು ಇರುವುದಿಲ್ಲ. ಅದಕ್ಕೆ ಮಾಸ್ತರರು ಹೋಮಿನ ಆಚೆ ನಿಂತು ಕೂಗುತ್ತಿದ್ದರು. ಓಡು ಎಂದರೆ ಓಡಬೇಕು. ನಿಲ್ಲು ಎಂದರೆ ಇದ್ದಲ್ಲೇ ಕಾಲೂರಿ ಹಿಂದಿನ ಬೇಸಿಗೆ ತಿರುಗಬೇಕು. ಯಾಕೆ, ಏನು ಎಂದು ಕೇಳುವಂತಿಲ್ಲ. ಆ ತಂಡದ ಹುಡುಗಿಯರು ಆ ದಿಕ್ಕಿನಿಂದ ಬಂದ ಮಾತನ್ನು ಕಿವಿಯಿಂದಲ್ಲ, ಕಾಲಿನಿಂದಲೇ ಕೇಳುತ್ತಿದ್ದರು.

ಕೊಟ್ರಮ್ಮನ ಅವ್ವನಿಗೆ ಈ ಆಟ ಹಿಡಿಸಿರಲಿಲ್ಲ. "ಹೊರಟ ಜಾಗಕ್ಕೇ ವಾಪಸ್ ಬರೋದಾದ್ರೆ ಹೊರಡೋದ್ಯಾಕೆ?" ಎನ್ನುತ್ತಿದ್ದಳು. ಮಗಳು ದಿನಾ ಮೊಣಕಾಲು ತರಚಿಕೊಂಡು ಬರುವುದನ್ನು ನೋಡಿ ನೋಡಿ ಕೊನೆಗೊಂದು ದಿನ ಗಟ್ಟಿಯಾಗಿ ಹೇಳಿದಳು. "ಈ ಸಲ ರಾಜ್ಯದ ತಂಡಕ್ಕೆ ತಗೊಂಡ್ರೆ ಆಡು, ನಾನು ಅಡ್ಡ ಬರಲ್ಲ. ತಗೊಳ್ಳಲಿಲ್ಲ ಅಂದ್ರೆ ಆ ದೊಣ್ಣೆನ ಅಟ್ಟಕ್ಕೆ ಹಾಕಿ ಹೊಲಿಗೆ ಕ್ಲಾಸಿಗೆ ಸೇರು. ಹೇಳಿಟ್ಟಿದ್ದೀನಿ ಟೀಚರಿಗೆ."

ಕೊಟ್ರಮ್ಮ ಅಣ್ಣನ ಮುಖ ನೋಡಿದಳು. ಅಣ್ಣ ಎದೆ ತಟ್ಟಿದ.

"ತಗೊಳ್ದೆ ಎಲ್ಲಿ ಹೋಗ್ತಾರೆ? ಇವಳು ಯಾರ ತಂಗಿ? ಅವ್ವಾ, ಆ ಗೋಡೇಲಿ ಒಂದು ಮೊಳೆ ಹೊಡೆದಿಡು. ಇವಳು ಓಡೋದನ್ನ ಫೋಟೋ ತೆಗೆದು ತಂದು ಅಲ್ಲಿ ಹಾಕ್ತೀನಿ. ಅದನ್ನ ನೋಡಿದ ಮೇಲೂ ನೀನು ಹೊಲಿಗೆ ಮಾತು ಎತ್ತಿದ್ರೆ ನನ್ನ ಕ್ಯಾಮೆರಾ ಮಾರ್ಬಿಡ್ತೀನಿ."

ಮಾರನೆಯ ದಿನವೇ ಅಭ್ಯಾಸ ನೋಡಲು ಮೈದಾನಕ್ಕೆ ಹೋದ. ಹೋಗಿ, ತೆಗೆದ. ತೆಗೆದದ್ದೇ ತೆಗೆದದ್ದು. ಮನೆಗೆ ಬಂದು ನೋಡಿದರೆ ಒಂದರಲ್ಲೂ ತಂಗಿ ಇಲ್ಲ. ತಂಗಿಯ ಜಾಗದಲ್ಲಿ ಒಂದು ಹೊಗೆ. ಅವಳ ಹಿಂದಿದ್ದ ಕಾಂಪೌಂಡು ಗೋಡೆ ಮಾತ್ರ ಚೊಕ್ಕವಾಗಿ ಬಂದಿತ್ತು. ಗೋಡೆಯ ಮೇಲಿದ್ದ ಬನಿಯನ್ ಜಾಹೀರಾತನ್ನು ಅಕ್ಷರ ಬಿಡದೆ ಓದಬಹುದಿತ್ತು.

ಅವ್ವ ಇಣುಕಿ ನೋಡಿದಳು. "ಬನಿಯನ್ ಚೆನ್ನಾಗಿದೆ" ಎಂದಳು.

ಅವನಿಗೆ ಮೈಯೆಲ್ಲ ಉರಿಯಿತು. ಮತ್ತೆ ಹೋದ. ಅವಳು ಎಲ್ಲಿದ್ದಾಳೋ ಅಲ್ಲಿಗೆ ಕ್ಯಾಮೆರಾ ತಿರುಗಿಸುತ್ತಿದ್ದ. ತಿರುಗಿಸಿ ಒತ್ತುವಷ್ಟರಲ್ಲಿ ಅವಳು ಅಲ್ಲಿ ಇರುತ್ತಿರಲಿಲ್ಲ. ಕಡೆಗೆ ತಂಗಿಯನ್ನೇ ಕರೆದು ಹೇಳಿದ.

"ಲೇ ಕೊಟ್ರಿ, ಆ ಬೇಸಿನ ಹತ್ರ ಬಂದಾಗ ಒಂದು ಗಳಿಗೆ ನಿಲ್ಲೇ. ಕಣ್ಣು ಮಿಟುಕಿಸೋವಷ್ಟು. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಅಣ್ಣಾ, ನಾನು ನಿಂತ್ರೆ ಔಟ್."

"ನೀನು ನಿಲ್ಲದಿದ್ರೆ ನಾನು ಔಟ್ ಕಣೇ."

ಅವಳು ನಕ್ಕು ಓಡಿಹೋದಳು. ಪಕ್ಕದಲ್ಲಿದ್ದ ಮಾಸ್ತರರು ಹೇಳಿದರು. "ಅವಳ ಹಿಂದೆ ಕ್ಯಾಮೆರಾ ಓಡಿಸಬೇಡಪಾ. ನಿನ್ನ ಕೈ ಅವಳ ಕಾಲಿಗೆ ಸಮ ಬರಲ್ಲ. ಎಲ್ಲಿಗೆ ಬರ್ತಾಳೆ ಅಂತ ಯೋಚನೆ ಮಾಡಿ, ಮೊದಲೇ ಅಲ್ಲಿಗೆ ಫೋಕಸ್ ಇಟ್ಟುಕೊಂಡು ಕಾಯಿ."

"ಖಾಲಿ ನೆಲಕ್ಕೆ ಫೋಕಸ್ ಇಡ್ಲಾ? ಮಾಸ್ತರೇ, ಆಟ ನೀವು ಕಲಿಸಿ. ಕ್ಯಾಮೆರಾ ನನಗೆ ಬಿಡಿ."

ಮಾಸ್ತರರು ಆಟದ ಕಡೆಗೆ ತಿರುಗಿದರು.

ಪಂದ್ಯದ ದಿನ ಬಂತು, ಪಂದ್ಯವಿದ್ದದ್ದು ಪಕ್ಕದ ಪಟ್ಟಣದಲ್ಲಿ. ರಾಜ್ಯದ ತಂಡಕ್ಕೆ ಆಟಗಾರ್ತಿಯರನ್ನು ಆರಿಸಲು ಒಬ್ಬ ಹೆಂಗಸು ಬಂದಿದ್ದಳು. ಒಂದು ಕಾಲದಲ್ಲಿ ತಾನೇ ಆಡಿದವಳು. ಟೋಪಿ ಹಾಕಿಕೊಂಡು, ನೆರಳಿದ್ದರೂ ಬಿಸಿಲಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಕೊಟ್ರಮ್ಮ ಅಂದು ಚೆನ್ನಾಗಿಯೇ ಆಡಿದಳು. ಫೋಟೋಗ್ರಾಫರ್ ಮಾತ್ರ ಬೆಳಗಿನಿಂದ ಬರೀ ಹೊಗೆಯನ್ನು ಹಿಡಿಯುತ್ತಿದ್ದ. ಬಿಸಿಲೇರಿದಂತೆ ಅವನ ತಲೆಯೂ ಕಾದಿತು. ಗೋಡೆಯ ಮೊಳೆ ಕಣ್ಣಿಗೆ ಕಟ್ಟಿತು. ಬನಿಯನ್ ಚೆನ್ನಾಗಿದೆ ಎಂಬ ಮಾತು ಕಿವಿಯಲ್ಲೇ ಉಳಿದಿತ್ತು. ಇನ್ನು ತಡೆಯಲಾರದೆ ಎದ್ದು, ಹೋಮಿನ ಆಚೆ, ಮಾಸ್ತರರು ನಿಲ್ಲುವ ಕಡೆಗೇ ಹೋಗಿ ಮಂಡಿಯೂರಿ ಕುಳಿತ. ಅಲ್ಲಿಂದ ಅವಳ ಮುಖ ನೇರ ಸಿಗುತ್ತದೆ ಎಂದು ಲೆಕ್ಕ ಹಾಕಿದ.

ಕೊನೆಯ ಸುತ್ತು. ಎರಡೂ ತಂಡ ಸಮ. ಕೊಟ್ರಮ್ಮ ಮೂರನೆಯ ಬೇಸಿನಲ್ಲಿ ನಿಂತಿದ್ದಳು. ಅವಳು ಹೋಮ್ ಮುಟ್ಟಿದರೆ ಪಂದ್ಯ ಗೆದ್ದಂತೆ. ಅವಳ ಜೊತೆಗಾರ್ತಿ ಚೆಂಡನ್ನು ದೂರ ಹೊಡೆದಳು. ಮಾಸ್ತರರು "ಓಡು!" ಎಂದರು. ಕೊಟ್ರಮ್ಮ ಹೊರಟಳು.

ಕ್ಯಾಮೆರಾದಲ್ಲಿ ಅವಳು ಬೆಳೆಯುತ್ತ ಬಂದಳು. ಮೊದಲು ಇಡೀ ಹುಡುಗಿ. ಆಮೇಲೆ ಸೊಂಟದಿಂದ ಮೇಲೆ. ಆಮೇಲೆ ಮುಖ. ಇಂಥ ಮುಖವನ್ನು ಅವನು ಯಾವ ಮಂಟಪದಲ್ಲೂ ಕಂಡಿರಲಿಲ್ಲ. ಇದು, ಇದೇ ಚಿತ್ರ ಎಂದು ಮನಸ್ಸು ಕುಣಿಯಿತು. ಇದೂ ಜಾರಿಹೋಗುತ್ತದೆ ಎಂದು ಎದೆ ಧಸಕ್ಕೆಂದಿತು. ಆ ಗಳಿಗೆಯಲ್ಲಿ, ಅವನು ಬೇಡ ಎನ್ನುವ ಮೊದಲೇ, ಅವನ ಗಂಟಲು ಅಷ್ಟು ವರ್ಷ ಮಾಡಿದ್ದನ್ನೇ ಮಾಡಿತು.

"ಹಂಗೇ ನಿಲ್ಲು!"

ಕೊಟ್ರಮ್ಮ ನಿಂತಳು.

ಕಾಲೂರಿ ನಿಂತಳು. ಹೋಮಿಗೂ ಮೂರನೆಯ ಬೇಸಿಗೂ ನಡುವೆ, ಬಟ್ಟಬಯಲಿನಲ್ಲಿ. ಆ ದಿಕ್ಕಿನಿಂದ, ಆ ದನಿಯಲ್ಲಿ, ಆ ಮಾತು ಬಂದರೆ ಅವಳ ಕಾಲು ಇನ್ನೇನು ಮಾಡೀತು? ಮಾಸ್ತರರು ಓಡು ಓಡು ಎಂದು ಕಿರುಚಿದ್ದು ತಡವಾಯಿತು. ಚೆಂಡು ಬಂತು. ಎದುರಾಳಿ ಹುಡುಗಿ ಓಡಿ ಬಂದು ಅವಳ ತೋಳಿಗೆ ಮೆಲ್ಲಗೆ ಮುಟ್ಟಿಸಿದಳು. ಅಷ್ಟೇ. ಆಟ ಹೆಚ್ಚುವರಿ ಸುತ್ತಿಗೆ ಹೋಯಿತು, ಅದರಲ್ಲಿ ಎದುರಾಳಿಗಳು ಗೆದ್ದರು.

"ಏನಣ್ಣಾ ಇದು?" ಎಂದು ತಂಡದ ಒಬ್ಬ ಹುಡುಗಿ ಮೈಮೇಲೆ ಬಂದಳು. "ಇದೇನು ಕಲ್ಯಾಣ ಮಂಟಪ ಅಂದ್ಕೊಂಡ್ಯಾ? ತಾಂಬೂಲನೂ ಕೊಡ್ಬೇಕಾ ನಿಂಗೆ?"

ಅವನು ಕ್ಯಾಮೆರಾ ನೋಡಿದ. ಕೊನೆಯ ಚಿತ್ರ ಶಾರ್ಪ್ ಆಗಿ ಬಂದಿತ್ತು. ಅಂಥ ಚಿತ್ರವನ್ನು ಅವನು ಹಿಂದೆ ತೆಗೆದಿರಲಿಲ್ಲ. ಹಣೆಯ ಬೆವರಿನ ಹನಿ ಹನಿ, ಕೆನ್ನೆಗೆ ಅಂಟಿದ ಕೂದಲು, ಅಂಗಿಯ ಮೇಲಿನ ಮಣ್ಣು, ಎಲ್ಲ ಇತ್ತು. ಕಣ್ಣೂ ಇತ್ತು. ಆ ಕಣ್ಣು ಹೋಮನ್ನು ನೋಡುತ್ತಿರಲಿಲ್ಲ. ದೊಡ್ಡ ರಸ್ತೆಯ ಅಂಚಿನಲ್ಲಿ ನೋಡುತ್ತಿದ್ದ ಹಾಗೆ ಅವನನ್ನೇ ನೋಡುತ್ತಿತ್ತು.

ಕ್ಯಾಮೆರಾ ಆರಿಸಿದ. ನೇರ ಆ ಹೆಂಗಸಿನ ಬಳಿಗೆ ಹೋದ. ಅವನಿಗೆ ಗೊತ್ತಿದ್ದ ಎರಡು ಮಾತಿನಲ್ಲಿ ಒಂದು ಅನರ್ಥ ಮಾಡಿಯಾಗಿತ್ತು. ಉಳಿದದ್ದು ಇನ್ನೊಂದು.

"ಮೇಡಂ, ಇನ್ನೊಂದ್ಸಲ ಆಡಿಸಿ. ಆ ಒಂದು ಓಟ ಮಾತ್ರ. ತಪ್ಪು ನನ್ನದು, ನನ್ನ ತಂಗಿಯದ್ದಲ್ಲ."

ಹೆಂಗಸು ಟೋಪಿ ಸರಿಸಿ ನೋಡಿದಳು. "ನಿಮ್ಮದು ಯಾವ ಕೆಲಸ?"

"ಮದುವೆ ಫೋಟೋ ತೆಗೀತೀನಿ."

"ಅದಕ್ಕೇ." ಅವಳು ನಗಲಿಲ್ಲ. "ಇಲ್ಲಿ ಇನ್ನೊಂದ್ಸಲ ಅನ್ನೋದಿಲ್ಲ. ನಿಮ್ಮ ತಂಗಿಯ ಕಾಲು ಚೆನ್ನಾಗಿದೆ, ನಾನೂ ನೋಡಿದೆ. ಆದರೆ ಪಕ್ಕದಲ್ಲಿ ಯಾರೋ ಕೂಗಿದ್ದಕ್ಕೆ ನಿಂತುಬಿಡೋ ಹುಡುಗೀನ ಕರ್ಕೊಂಡು ಹೋಗಿ ನಾನೇನು ಮಾಡ್ಲಿ? ಅಲ್ಲಿ ಸಾವಿರ ಜನ ಕೂಗ್ತಾರೆ. ಅದರಲ್ಲಿ ಅವಳ ಕೋಚ್ ಯಾರು ಅಂತ ಅವಳಿಗೆ ಗೊತ್ತಾಗ್ಬೇಕು."

ಅವನು ಅಲ್ಲೇ ನಿಂತ. ಹೆಂಗಸು ಎದ್ದಳು. ಎರಡು ಹೆಜ್ಜೆ ಹೋಗಿ ತಿರುಗಿದಳು.

"ಅನುಮಾನ ಇರೋರನ್ನ ಮಾರನೇ ದಿನ ಬೆಳಿಗ್ಗೆ ಓಡಿಸಿ ನೋಡ್ತೀವಿ. ಅದು ನಮ್ಮ ಪದ್ಧತಿ. ನೀವು ಕೇಳ್ಕೊಂಡಿದ್ದಕ್ಕೆ ಅಲ್ಲ. ಮೂರನೇ ಬೇಸಿನಿಂದ ಹೋಮಿಗೆ ಒಂದೇ ಓಟ. ಬರೋಕೆ ಹೇಳಿ."

ಸಂಜೆ ಅಣ್ಣ ತಂಗಿ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಮಂಡಕ್ಕಿ ಮುಂದಿಟ್ಟುಕೊಂಡು ಕೂತರು. ಇಬ್ಬರೂ ತಿನ್ನಲಿಲ್ಲ. ಕೊಟ್ರಮ್ಮ ಕೇಳಿದಳು.

"ಫೋಟೋ ಬಂತಾ?"

"ಬಂತು."

"ತೋರಿಸು."

ತೋರಿಸಿದ. ಅವಳು ನೋಡಿ ಹಿಂದಕ್ಕೆ ಕೊಟ್ಟಳು. "ಚೆನ್ನಾಗಿದೆ. ಐಡಿ ಕಾರ್ಡಿಗೆ ಆಗುತ್ತೆ" ಎಂದಳು.

ಅವನು ಮಂಡಕ್ಕಿಯ ಪೊಟ್ಟಣವನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ನಾಳೆ ನಾನು ಮೈದಾನಕ್ಕೆ ಬರಲ್ಲ ಕಣೇ. ಗೇಟಿನ ಹೊರಗೆ ಕೂತಿರ್ತೀನಿ. ನೀನು ಓಡು."

"ಬರಬೇಕು."

"ಬೇಡ ಕೊಟ್ರಿ. ಈ ಬಾಯಿ ನನ್ನ ಮಾತು ಕೇಳಲ್ಲ."

"ಅದಕ್ಕೇ ಬರಬೇಕು ಅಂತಿರೋದು. ಇವತ್ತು ಕೂತಿದ್ದೆಯಲ್ಲ, ಅಲ್ಲೇ ಕೂತ್ಕೋ. ನಾನು ಅರ್ಧ ದಾರಿಗೆ ಬಂದಾಗ ಕೂಗು. ಇವತ್ತಿಗಿಂತ ಜೋರಾಗಿ."

ಅವನಿಗೆ ಅರ್ಥವಾಗಲಿಲ್ಲ. "ಏನಂತ ಕೂಗಲಿ?"

"ನಿಲ್ಲು ಅಂತ."

"ತಲೆ ಕೆಟ್ಟಿದೆಯಾ ನಿನಗೆ?"

"ಇಲ್ಲಣ್ಣ. ಆ ಮೇಡಂಗೆ ನನ್ನ ಕಾಲಿನ ಮೇಲೆ ಅನುಮಾನ ಇಲ್ಲ, ಕಿವಿ ಮೇಲೆ ಅನುಮಾನ. ನೀನು ಗೇಟಿನ ಹೊರಗೆ ಕೂತು, ನಾನು ಸುಮ್ಮನೆ ಓಡಿ ತೋರಿಸಿದ್ರೆ ಅದು ಹೋಗುತ್ತಾ? ನಿನ್ನ ದನಿಗೆ ನಿಲ್ಲದೋಳು ಆಮೇಲೆ ಯಾರ ದನಿಗೂ ನಿಲ್ಲಲ್ಲ. ಅದು ಅವರಿಗೂ ಗೊತ್ತಾಗಲಿ. ನನಗೂ ಗೊತ್ತಾಗಲಿ."

"ನಿಂತುಬಿಟ್ರೆ?"

"ನಿಂತ್ರೆ ಹೊಲಿಗೆ ಕಲೀತೀನಿ. ನಿನಗೇ ಮೊದಲನೇ ಅಂಗಿ."

ಅಷ್ಟು ಹೇಳಿ ಅವಳು ಮಂಡಕ್ಕಿಗೆ ಕೈ ಹಾಕಿದಳು.

ಬೆಳಿಗ್ಗೆ ಮೈದಾನದಲ್ಲಿ ಜನ ಇರಲಿಲ್ಲ. ಟೋಪಿಯ ಹೆಂಗಸು, ಮಾಸ್ತರರು, ಚೆಂಡು ಎಸೆಯುವವಳು, ಹಿಡಿಯುವವಳು, ಅನುಮಾನದಲ್ಲಿದ್ದ ಕೆಲವು ಹುಡುಗಿಯರು. ಫೋಟೋಗ್ರಾಫರ್ ಹೋಮಿನ ಆಚೆ ಹೋಗಿ ಮಂಡಿಯೂರಿದ. ಹೆಂಗಸು ಹುಬ್ಬು ಗಂಟಿಕ್ಕಿದಳು. ಕೊಟ್ರಮ್ಮ ಹೋಗಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಹೆಂಗಸು ಅವನ ಕಡೆಗೊಮ್ಮೆ, ಇವಳ ಕಡೆಗೊಮ್ಮೆ ನೋಡಿ, ಆಗಲಿ ಎಂದು ತಲೆ ಆಡಿಸಿದಳು.

ಅವನು ಕ್ಯಾಮೆರಾ ಎತ್ತಿದ. ಎತ್ತಿದ ಮೇಲೆ ಎಲ್ಲಿಗೆ ಗುರಿ ಇಡುವುದೆಂದು ತಿಳಿಯಲಿಲ್ಲ.

ದಾರಿಯ ನಡುವೆ ಅವಳು ನಿನ್ನೆ ನಿಂತ ಜಾಗ ಕಾಣುತ್ತಿತ್ತು. ಅವಳ ಕಾಲು ಊರಿದ್ದ ಗುರುತೂ ಮಣ್ಣಿನಲ್ಲಿ ಉಳಿದಿತ್ತು. ಅಲ್ಲಿಗೆ ಫೋಕಸ್ ಇಟ್ಟರೆ, ಅವಳು ನಿಂತರೆ, ಚಿತ್ರ ಬರುವುದು ಖಂಡಿತ. ಅವನ ಕೈ ತಾನಾಗಿಯೇ ಅತ್ತ ಹೊರಳಿತು. ಅವನ ದನಿಗೆ ನಿಲ್ಲದವರನ್ನು ಅವನು ಎಲ್ಲಿ ಕಂಡಿದ್ದ? ವರ ನಿಂತಿದ್ದ, ವಧು ನಿಂತಿದ್ದಳು, ಪುರೋಹಿತರು ನಿಂತಿದ್ದರು. ಇವಳು ನಿನ್ನೆ ನಿಂತಿದ್ದಳು. ಇಂದೂ ನಿಲ್ಲುತ್ತಾಳೆ ಎಂದು ಕೈ ಹೇಳುತ್ತಿತ್ತು. ನಿಲ್ಲಲಾರಳು ಎಂದು ಹೇಳಲು ಅವನ ಬಳಿ ಇದ್ದದ್ದು ನಿನ್ನೆ ಸಂಜೆಯ ಅವಳ ಮಾತೊಂದೇ.

ಕೈಯನ್ನು ಹಿಂದಕ್ಕೆ ತಂದ. ಹೋಮಿನ ಮೇಲೆ ಫೋಕಸ್ ಇಟ್ಟ. ಕ್ಯಾಮೆರಾದೊಳಗೆ ಒಂದು ಬೇಸು, ಅದರ ಸುತ್ತ ಕೆಮ್ಮಣ್ಣು, ಪಕ್ಕದಲ್ಲಿ ಹಿಡಿಯುವವಳ ಗ್ಲೌಸು. ಬೇರೇನೂ ಇಲ್ಲ. ಮದುವೆ ಮನೆಯಲ್ಲಿ ಇಂಥ ಬರಿದು ಜಾಗಕ್ಕೆ ಅವನು ಕ್ಯಾಮೆರಾ ಹಿಡಿದವನೇ ಅಲ್ಲ. ಬೆರಳು ಬಟನ್ನಿನ ಮೇಲಿತ್ತು. ಅವಳು ಈಗ ಕಾಣುತ್ತಿರಲಿಲ್ಲ. ಕೇಳಿಸುತ್ತಿದ್ದಳು.

"ಓಡು!" ಎಂದರು ಮಾಸ್ತರರು.

ಹೆಜ್ಜೆ ಸದ್ದು ಹೊರಟಿತು. ಹತ್ತಿರವಾಯಿತು. ಅರ್ಧ ದಾರಿ ಎನ್ನಿಸಿದಾಗ ಅವನು ಎದೆ ತುಂಬ ಉಸಿರೆಳೆದ.

"ಕೊಟ್ರೀ, ನಿಲ್ಲು! ಹಂಗೇ ನಿಲ್ಲು!"

ಕೂಗಿನಲ್ಲಿ ಮೋಸ ಮಾಡಲಿಲ್ಲ. ಮಂಟಪಗಳನ್ನು ಕಲ್ಲು ಮಾಡಿದ ಅದೇ ಗಂಟಲಿನಿಂದ, ಇದ್ದಬದ್ದ ಜೋರಿನಿಂದ ಕೂಗಿದ. ಬದಿಯಲ್ಲಿ ಕಾಯುತ್ತಿದ್ದ ಹುಡುಗಿಯರು ಬೆಚ್ಚಿದರು. ಗ್ಲೌಸು ಹಿಡಿದವಳ ಕೈಯೂ ಒಮ್ಮೆ ಅದುರಿತು. ಬಾಯಿ ನಿಲ್ಲು ಎನ್ನುತ್ತಿತ್ತು. ಒಳಗೆ ಅವನು ಬೇಡಿಕೊಳ್ಳುತ್ತಿದ್ದ. ನಿಲ್ಲಬೇಡವೇ, ನನ್ನವ್ವಾ, ನನ್ನ ಮಾತು ಮೀರೇ, ಇದೊಂದು ಸಲ ಮೀರೇ.

ಹೆಜ್ಜೆ ಸದ್ದು ಒಂದು ಗಳಿಗೆ ನಿಂತಿತು.

ಆದರೆ ಅದು ನಿಂತ ಕಾಲಲ್ಲ. ಬೇಸಿಗೆ ಜಾರಿ ಬೀಳಲು ನೆಲ ಬಿಟ್ಟ ಕಾಲು. ಖಾಲಿಯಿದ್ದ ಕ್ಯಾಮೆರಾದೊಳಕ್ಕೆ ಕ್ಷಣಾರ್ಧದಲ್ಲಿ ಒಂದು ಪಾದ ಬಂತು, ಅದರ ಹಿಂದೆ ಮಣ್ಣಿನ ಅಲೆ. ಅವನು ಒತ್ತಿದ.

ಧೂಳು ಇಳಿದ ಮೇಲೆ ನೋಡಿದರೆ ಕೊಟ್ರಮ್ಮ ಬೇಸಿನ ಮೇಲೆ ಕಾಲು ಚಾಚಿ ಮಲಗಿಕೊಂಡೇ ನಗುತ್ತಿದ್ದಳು. "ಇಷ್ಟೇನಾ ನಿನ್ನ ಗಂಟಲು?" ಎಂದಳು. ಅವನು ಅವಳನ್ನು ಎಬ್ಬಿಸಲು ಕೈ ಚಾಚಿದ. ಟೋಪಿಯ ಹೆಂಗಸು ದೂರದಿಂದಲೇ ಮಾಸ್ತರರಿಗೆ ಹೇಳಿದಳು. "ಈ ಹುಡುಗಿಗೆ ಬಟ್ಟೆಬರೆ ಕಟ್ಕೊಂಡು ಬರೋಕೆ ಹೇಳಿ. ಅಣ್ಣನ್ನ ಮಾತ್ರ ಊರಲ್ಲೇ ಬಿಟ್ಟು ಬರಲಿ."

ಆ ಚಿತ್ರ ಊರಿಗೆ ಬಂತು. ಚಾಚಿದ ಕಾಲು, ಬೇಸಿಗೆ ತಗುಲಿದ ಹಿಮ್ಮಡಿ, ಕಚ್ಚಿದ ಹಲ್ಲು, ಗಾಳಿಯಲ್ಲಿ ಎದ್ದು ನಿಂತ ಒಂದೊಂದು ಮಣ್ಣಿನ ಹರಳು, ಗ್ಲೌಸಿಗೆ ಇನ್ನೂ ಸೇರದ ಚೆಂಡು. ಎಲ್ಲ ಕೆತ್ತಿದ ಹಾಗೆ ಬಂದಿತ್ತು. ಅವ್ವ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮಗ ಹೊಗಳಿಕೆಗೆ ಕಾದ. ಅವ್ವ ಚಿತ್ರವನ್ನು ಅವನ ಕೈಗೆ ಕೊಟ್ಟು, ಮಗಳನ್ನು ಕರೆದಳು.

"ಬಾರೇ ಇಲ್ಲಿ. ಆ ಮೊಣಕಾಲಿಗೆ ಕೊಬ್ಬರಿ ಎಣ್ಣೆ ಹಚ್ತೀನಿ. ಹೀಗೆ ಬೀಳೋದಾದ್ರೆ ದಿನಾ ಹಚ್ಕೋಬೇಕು."

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು.

ಹಾಲಸ್ವಾಮಿ ತೊಡೆ ತಟ್ಟಿ ಎದ್ದ. "ಅಷ್ಟೇನಾ! ಬರೋ ಜಾಗಕ್ಕೆ ಮೊದಲೇ ಫೋಕಸ್ ಇಟ್ಟು ಕೂತರೆ ಮುಗೀತು. ಮುಂದಿನ ಪಂದ್ಯಕ್ಕೆ ನೋಡಿ ಗುರುಗಳೇ, ಎಂಥೆಂಥ ಚಿತ್ರ ತರ್ತೀನಿ. ಜಿಲ್ಲೆಗೆ ಜಿಲ್ಲೆನೇ ಬಾಯಿ ಬಿಡಬೇಕು." ಬಾಗಿಲ ತನಕ ಹೋದ. ಹೋದವನು ಏನೋ ಹೊಳೆದು ತಿರುಗಿ ನಿಂತ. "ಆದರೆ ಗುರುಗಳೇ, ಅವಳು ಅರ್ಧ ದಾರಿಯಲ್ಲೇ ನಿಂತುಬಿಟ್ಟಿದ್ದರೆ?"

ಗುರುಗಳು ಬಟ್ಟೆಯಲ್ಲಿ ಸುತ್ತಿದ್ದ ಲೆನ್ಸನ್ನು ಮತ್ತೆ ಕೈಗೆತ್ತಿಕೊಂಡು ಒಂದು ಮಾತು ಹೇಳಿದರು.

"ಬರೀ ಮಣ್ಣಿನ ಚಿತ್ರ ಬರುತ್ತಿತ್ತು, ಅದಕ್ಕೂ ಒಪ್ಪಿ ಕೂತವನಿಗೇ ಓಡುವವರು ಸಿಗುವುದು."